ಮೊದಲ ಗೀಟು ನನ್ನದಾಗಬೇಕಿತ್ತು

“ಹೇ... ಮುಟ್ಟಬೇಡಿ! ಆ ಗೋಡೆ ಇನ್ನೂ ಹಸಿ!”

ಕೂಗುತ್ತ ಓಡಿ ಬಂದವನು ಪ್ರವಾಸಿಯ ತೋಳು ಹಿಡಿದೆಳೆದ. ಎಳೆದ ರಭಸಕ್ಕೆ ತಾನೇ ಆಯತಪ್ಪಿ ಕೆಮ್ಮಣ್ಣಿನ ಮಡಕೆಯ ಮೇಲೆ ಬಿದ್ದ.

ಆ ಗೋಡೆಗೆ ಹಸುವಿನ ಚಿತ್ರ ಬರೆಯುತ್ತಿದ್ದ ಅಯಿಂಪೋಕಾ ನಕ್ಕುಬಿಟ್ಟಳು.

“ನಗ್ತೀಯಾ? ನಿನ್ನ ಹಸುವಿನ ಕೊಂಬು ಉಳಿಸಿದೋನು ನಾನು!”

“ನನ್ನ ಬಣ್ಣ ಚೆಲ್ಲಿದೋನು ಯಾರು ಮಾರಾಯ?”

ಸಿರಿಗು ಊರಿನ ಚಿತ್ತಾರದ ಮನೆಗಳನ್ನು ನೋಡಲು ಬಂದವರಿಗೆ ದಾರಿ ತೋರಿಸುವ ಅಯಾಂಗಾ, ಅಂದೇ ಅವಳ ಮನಸ್ಸು ಹೊಕ್ಕ. ‘ಗೋಡೆಯನ್ನೇ ಇಷ್ಟು ಜೋಪಾನ ಮಾಡುವವನು ನನ್ನನ್ನು ಮಾಡದಿರುತ್ತಾನೆಯೇ...’

ಈ ಬೇಸಿಗೆಯಲ್ಲಿ ಮದುವೆ ನಿಶ್ಚಯವಾಯಿತು. ತನ್ನ ತಾಯಿಯ ಅಂಗಳದಲ್ಲಿ ಅವನು ಅವಳಿಗಾಗಿ ಮಣ್ಣಿನ ಕೋಣೆ ಕಟ್ಟಿದ. ಕಟ್ಟುವುದು ಗಂಡಸರ ಕೆಲಸ, ಮೆತ್ತಿ ಬಣ್ಣ ಬರೆಯುವುದು ಹೆಂಗಸರದು.

“ಮೊದಲ ಗೀಟು ನಿಂದೇ. ಅಲ್ಲೀವರೆಗೂ ನಮ್ಮಮ್ಮನ ಕೈಯೂ ತಾಗಲ್ಲ,” ಎಂದು ಮಾತು ಕೊಟ್ಟ.

ಅಕ್ಕನ ಬಾಣಂತನಕ್ಕೆಂದು ಅಯಿಂಪೋಕಾ ಹದಿನೈದು ದಿನ ಬೋಲ್ಗಟಾಂಗಾ ಪಟ್ಟಣಕ್ಕೆ ಹೋದಳು. ಕೂಸಿಗೆ ನೀರೆರೆಯುವಾಗಲೂ ಮನಸ್ಸಿನಲ್ಲೇ ಆ ಗೋಡೆ ಬರೆಯುತ್ತಿದ್ದಳು. ಬಾಗಿಲ ಎಡಕ್ಕೆ ಹೆಬ್ಬಾವು, ಅದರ ಕೆಳಗೆ ಅಮ್ಮ ಕಲಿಸಿದ ಒಡೆದ ಸೋರೆಬುರುಡೆಯ ಚೂರುಗಳ ಚಿತ್ತಾರ...

ಮರಳಿದವಳು ನೇರ ಆ ಕೋಣೆಯತ್ತಲೇ ನಡೆದಳು. ಕಾಲು ನಿಂತುಬಿಟ್ಟಿತು!

ಗೋಡೆ ತುಂಬ ಸೊಟ್ಟ ಹಲ್ಲಿಗಳು. ಐದು ಕಾಲಿನ ಹಸು. ಕೆಂಪು ಅಂಗೈಯಚ್ಚುಗಳು. ಯಾರ್‍ಯಾರದೋ ಹೆಸರುಗಳು.

“ಯಾರು... ಯಾರು ಬರೆದಿದ್ದು?”

ಅಯಾಂಗಾ ತಲೆ ಕೆರೆದುಕೊಂಡ. “ಬಂದೋರು ಬಣ್ಣ ಹಚ್ಚೋದು ಕಲೀಬೇಕು ಅಂದ್ರು. ಅವರಿಗೆ ಕಲಿಯೋಕೆ ಅಂತ ಇಟ್ಟಿರೋ ಗೋಡೆ ಹಸಿ ಇತ್ತು. ಇದು ಖಾಲಿ ಇತ್ತಲ್ಲ... ಹೇಗೂ ನೀವು ಹೆಂಗಸರು ಮತ್ತೆ ಮಣ್ಣು ಮೆತ್ತುತ್ತೀರಿ. ಬರೀ ಮಣ್ಣು ಕಣೇ!”

“ಅವರು ಕೇಳಿದಾಗ ನಾನು ನೆನಪಾಗಲೇ ಇಲ್ವಾ?”

“ನೆನಪಾದೆ...”

“ನೆನಪಾದ ಮೇಲೂ ಕೊಟ್ಟೆಯಾ?!”

ಅವಳು ಬಂದ ದಾರಿಯಲ್ಲೇ ತಿರುಗಿ ನಡೆದಳು.

ಮೂರು ದಿನ ಅವಳಿಗೆ ಅನ್ನ ಸೇರಲಿಲ್ಲ. ಮರೆತು ಕೊಟ್ಟಿದ್ದರೆ ಕ್ಷಮಿಸಬಹುದಿತ್ತು. ನೆನೆದೂ ಕೊಟ್ಟ! ಇವತ್ತು ಗೋಡೆ... ನಾಳೆ ಇನ್ನೇನೋ? ಮದುವೆ ಬೇಡವೆಂದು ಹೇಳಿ ಕಳುಹಿಸಿದಳು.

ನಾಲ್ಕನೆಯ ದಿನ ಬೆಳಿಗ್ಗೆ ಅಯಾಂಗಾನ ಸೋದರತ್ತೆ ಅಸಿಬಿ ಬಾಗಿಲಿಗೆ ಬಂದಳು.

“ಬಾರೇ, ನಿನ್ನ ಬೆಪ್ಪನ್ನ ನೋಡು. ಗೋಡೆ ಕೆಡವ್ತಿದ್ದಾನೆ!”

ಅಂಗಳದಲ್ಲಿ ಅವನು ಗುದ್ದಲಿ ಬೀಸುತ್ತಿದ್ದ. ಸುತ್ತ ನಿಂತ ಹೆಂಗಸರು ಛೇಡಿಸುವುದು ಬಿಡುತ್ತಿರಲಿಲ್ಲ. “ಮಳೆ ಬಂದ್ರೆ ಮೋಡ ಹೊದ್ಕೊಂಡು ಮಲಗ್ತೀಯೇನೋ?”

ಅವಳನ್ನು ಕಂಡು ಗುದ್ದಲಿ ಇಳಿಸಿದ. ಎಲ್ಲರೆದುರೇ ಹೇಳಿದ: “ಬಂದೋರ ಮುಂದೆ ದೊಡ್ಡವನಾಗೋ ಆಸೆ ಆಯ್ತು. ನಿನಗೆ ಕೊಟ್ಟಿದ್ದನ್ನ ಅವರಿಗೆ ಕೊಟ್ಟೆ. ಬರೀ ಮಣ್ಣು ಅಂದೆನಲ್ಲ, ಅದು ಇನ್ನೂ ದೊಡ್ಡ ತಪ್ಪು. ಹೊಸದಾಗಿ ಕಟ್ತೀನಿ. ನೀನು ಬಂದ್ರೂ ಕಟ್ತೀನಿ, ಬರದಿದ್ರೂ ಕಟ್ತೀನಿ.”

ಅವನ ಅಂಗೈ ಬೊಬ್ಬೆಯೆದ್ದು ಒಡೆದಿತ್ತು. ಅವಳು ನೋಡಬಾರದೆಂದುಕೊಂಡೇ ನೋಡಿದಳು.

“ಸಾಕು... ಉಳಿದಿದ್ದು ನಿಂತಿರಲಿ.”

ಸೊಂಟದ ಬಟ್ಟೆ ಬಿಗಿದು, ಹೊಸ ಗೋಡೆಗೆಂದು ಕಲಸಿಟ್ಟಿದ್ದ ಮಣ್ಣಿನ ಮುದ್ದೆಯೆತ್ತಿ ಗೋಡೆಯ ಒಂದು ಕೆಂಪು ಅಂಗೈಯಚ್ಚಿನ ಮೇಲೆ ಮೆತ್ತಿದಳು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಲೇ ಇತ್ತು.

“ನಾನು ಮಾಡಿದ್ದನ್ನ ಮರೆತೆಯಾ, ಪೋಕಾ?” ಅವನು ಹತ್ತಿರ ಬಂದ.

“ಇಲ್ಲ. ಮೆತ್ತುತ್ತಿದ್ದೀನಿ, ಅಷ್ಟೇ. ಅವರ ಕೈಗಳು ಒಳಗೇ ಇರ್ತವೆ.”

“ನೋವಾಗಲ್ವಾ?”

“ಆಗುತ್ತೆ. ನೀನೂ ಇದಕ್ಕೇ ಬೆನ್ನು ಕೊಟ್ಟು ಮಲಗೋನಲ್ವಾ... ನಿಂಗೂ ಆಗಲಿ.”

“ಅಂದ್ರೆ... ನೀನು ಬರ್ತೀಯಾ?”

ಅವಳು ತಿರುಗಲಿಲ್ಲ. ಆದರೆ ಖಾಲಿ ಕೊಡವನ್ನು ಕಾಲಿನಿಂದ ಅವನತ್ತ ಮೆಲ್ಲಗೆ ಸರಿಸಿದಳು.

“ಮೊದಲು ನೀರು ತಗೊಂಡು ಬಾ. ನಮ್ಮ ಮಣ್ಣು ಒಣಗ್ತಿದೆ.”