ಸದ್ದಡಗಿದ ಕವಾಟ

"ಇವರು ಮಾತ್ರೆ ನುಂಗಿಯೇ ಇಲ್ಲ!"

ರಕ್ತದ ವರದಿ ಹಿಡಿದು ಹೊರಬಂದ ಡಾಕ್ಟರ್ ಮೋಹಿನಿಯ ಮಾತಿಗೆ ನಾಗರಾಜು ಬೆಂಚಿನಿಂದೆದ್ದ. ಮಂಡ್ಯದ ಆಸ್ಪತ್ರೆಯೊಳಗೆ ಅವನ ಹೆಂಡತಿ ದೀಪಿಕ ಉಸಿರಿಗೆ ಒದ್ದಾಡುತ್ತಿದ್ದಳು. ಮದುವೆಗೆ ಮುಂಚೆಯೇ ಅವಳ ಹೃದಯಕ್ಕೆ ಲೋಹದ ಕವಾಟ ಹಾಕಿದ್ದರು. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲು ದಿನಾ ಮಾತ್ರೆ ಬೇಕು. ಈಗ ಹೆಪ್ಪುಗಟ್ಟಿತ್ತು.

"ದಿನಾ ನಾನೇ ಕೈಯಾರೆ ಕೊಡ್ತಿದ್ದೆ ಕಣಮ್ಮ!" ಎಂದಳು ಅವನ ತಾಯಿ ಚಿಕ್ಕಬೋರಮ್ಮ.

ದೀಪಿಕಳ ಸೋದರಮಾವ ಸಿದ್ದರಾಮು, ನಿವೃತ್ತ ಪೊಲೀಸ್, ಮಳವಳ್ಳಿಯಿಂದ ಬೈಕಿನಲ್ಲಿ ಧಾವಿಸಿ ಬಂದಿದ್ದ. ಅವನ ಕಣ್ಣು ತಾಯಿ-ಮಗನ ಮೇಲೇ.

"ಮಾತ್ರೆ ಬದ್ಲಾಯ್ಸಿದ್ದು ಯಾರು?"

"ನಾವ್ಯಾಕೆ ಬದ್ಲಾಯ್ಸನ ಮಾವ? ಇಲ್ನೋಡಿ, ಮಾತ್ರೆ ಸ್ಟ್ರಿಪ್ಪು." ನಾಗರಾಜು ಜೇಬಿನಿಂದ ತೆಗೆದುಕೊಟ್ಟ.

ಮೋಹಿನಿ ಸ್ಟ್ರಿಪ್ ನೋಡಿದರು. ಅಸಲಿ ಮಾತ್ರೆಯೇ.

"ಅವಳು ಬಡವಾಗಿದ್ದು ನಿಂಗೆ ಗೊತ್ತೇ ಆಗ್ಲಿಲ್ವಾ?" ಸಿದ್ದರಾಮು ನಾಗರಾಜುವನ್ನು ಕೇಳಿದ.

"ಸುಸ್ತು ಅಂತಿದ್ಲು. ಮೊದ್ಲು ಎದೆ ಒಳ್ಗೆ ಆ ಕವಾಟ ಟಿಕ್ ಟಿಕ್ ಅನ್ನದು. ಈಚೆಗೆ ಕೇಳುಸ್ತಿರ್ಲಿಲ್ಲ. ಯಾಕೆ ಅಂತ ಕೇಳುದ್ರೆ, 'ನಿಮ್ಗೆ ಅಭ್ಯಾಸ ಆಗೋಗದೆ ಬುಡಿ' ಅಂದ್ಲು."

ಸಿದ್ದರಾಮು ತಟ್ಟನೆ ಎದ್ದ. "ಡಾಕ್ಟ್ರೇ, ಆ ಸದ್ದು ಅಡಗಿದ್ರೆ?"

"ಅಪಾಯ. ತಕ್ಷಣ ಬನ್ನಿ ಅಂತ ಆಪರೇಷನ್ ಆದಾಗಲೇ ರೋಗಿಗೆ ಹೇಳಿರ್ತೀವಿ."

"ಅಂದ್ರೆ ಗೊತ್ತಿದ್ದೂ ಗಂಡನ ಬಾಯಿ ಮುಚ್ಚಿಸಿದ್ಲು! ಅಕ್ಕ, ಮಾತ್ರೆ ನುಂಗದು ನೋಡ್ತಿದ್ರಾ?"

"ಬಾಯ್ಗಾಕ್ಕಂಡು, ನೀರು ಕುಡಿತೀನಿ ಅಂತ ಒಳಿಕ್ಕೋಗಳು..."

"ಉಗಿಯಕ್ಕೆ! ಮಾತ್ರೆ ತಪ್ಪಿಸಿದ್ದು ದೀಪಿಕನೇ."

"ಯಾಕೆ ಮಾವ?" ನಾಗರಾಜು ಕಿರುಚಿದ. "ಸಾಯಕ್ಕಾ?"

ಸಿದ್ದರಾಮು ಡಾಕ್ಟರತ್ತ ತಿರುಗಿದ. "ಆ ಮಾತ್ರೆ ಯಾರಿಗೆ ಆಗಲ್ಲ?"

"ಬಸುರಿಯರಿಗೆ..." ಎಂದವರೇ ಮೋಹಿನಿ ಒಳಗೆ ಓಡಿದರು.

ಪರೀಕ್ಷೆ ಹೌದೆಂದಿತು. ದೀಪಿಕ ತೊದಲುತ್ತ ಅತ್ತಳು. "ಮಗೀಗೆ ತೊಂದ್ರೆ ಆಯ್ತದೆ ಅಂತ ಬುಟ್ಟೆ. ನಿಮ್ಗೆ ಯೋಳುದ್ರೆ ತೆಗ್ಸು ಅಂತಿದ್ರಿ."

"ನನ್ನ ಹತ್ರ ಬಂದಿದ್ರೆ ಇಂಜೆಕ್ಷನ್‌ಗೆ ಬದಲಾಯಿಸ್ತಿದ್ದೆ. ಅದು ಮಗೂನ ಮುಟ್ಟಲ್ಲ," ಎಂದರು ಮೋಹಿನಿ. "ಹೆಪ್ಪು ಕರಗಿಸೋ ಔಷಧೀನೂ ಈಗ ಸ್ವಲ್ಪಸ್ವಲ್ಪವಾಗಿ, ನಿಧಾನಕ್ಕೆ ಕೊಡಬಹುದು. ಅಪಾಯ ಇಲ್ಲ ಅನ್ನಲ್ಲ."

ಡ್ರಿಪ್ ಇಳಿಯುವವರೆಗೂ ನಾಗರಾಜು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಮರುದಿನ ದೀಪಿಕಳ ಉಸಿರು ಸಲೀಸಾಯಿತು. ಮಗುವೂ ಉಳಿದಿತ್ತು.

ತಮ್ಮೂರು ಕೊಪ್ಪಕ್ಕೆ ಹೊರಡುವ ದಿನ ನರ್ಸು ಸಿರಿಂಜನ್ನು ಅವನ ಕೈಗಿಟ್ಟಳು. ಇನ್ನು ಮನೆಯಲ್ಲಿ ಅವನೇ ಚುಚ್ಚಬೇಕು. ಅವನು ಸೂಜಿಯ ಮುಚ್ಚಳ ತೆಗೆದ.

"ಕಬ್ಬು ಕಡ್ಯೋ ಕೈ ಹಿಂಗಾ ನಡುಗದು?" ದೀಪಿಕ ಹೊಟ್ಟೆಯ ಮೇಲಿನ ಸೆರಗು ಸರಿಸಿದಳು. "ಚುಚ್ಚಿ. ನೋವಾದ್ರೆ ಇನ್ಮ್ಯಾಲೆ ಯೋಳ್ತೀನಿ."