ಕಂಬದ ನಡುವಿನ ಬೆಸುಗೆ

ಮಧ್ಯಾಹ್ನ ಮೂರೂಕಾಲಿಗೆ ಠಾಣೆಗೆ ನುಗ್ಗಿದ ಗುತ್ತಿಗೆದಾರನ ಮುಖ ಕೆಂಡವಾಗಿತ್ತು. ಈಜುಕೊಳದ ಎರಡೂ ಬದಿಗೆ ಅವನು ಕಟ್ಟಿದ್ದ ಅಲ್ಯೂಮಿನಿಯಂ ಗ್ಯಾಲರಿಗಳಲ್ಲಿ ಒಂದು ಊಟದ ಹೊತ್ತಿನಲ್ಲಿ ಕುಸಿದಿತ್ತು.

"ಯಾರೋ ಬೇಕಂತ್ಲೇ ಕೆಡವಿದ್ದಾರೆ ಮೇಡಂ. ಹಿಡಿದು ಒಳಗೆ ಹಾಕಿ. ಭಾನುವಾರ ಶಾಲೆ ಮಕ್ಕಳ ಈಜು ಸ್ಪರ್ಧೆ, ನನ್ನ ಮಗಳೂ ಇದ್ದಾಳೆ. ಉಳಿದಿರೋ ಗ್ಯಾಲರೀಲಾದ್ರೂ ಜನ ಕೂರಬೇಕು."

ಕೂಗಾಡುವ ದೂರುದಾರರನ್ನು ಕಂಡರೆ ಇನ್ಸ್‌ಪೆಕ್ಟರಿಗೆ ಮೊದಲು ಅನುಮಾನ, ಆಮೇಲೆ ತಲೆನೋವು. ಆದರೂ ಅಪರಿಚಿತರಿಂದ ಆಸ್ತಿಗೆ ಹಾನಿ ಎಂದು ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲನನ್ನು ಜೀಪು ಹತ್ತಿಸಿದಳು. ಅವನನ್ನು ಎಲ್ಲರೂ ಟೇಪಣ್ಣ ಎನ್ನುತ್ತಿದ್ದರು. ಅತ್ತೆಮನೆಗೆ ಹೋದರೂ ಟೇಪು ಹಿಡಿದು ಬಾಗಿಲು ಅಳೆದೇ ಒಳಗೆ ಕಾಲಿಡುವ ಆಸಾಮಿ.

ಕುಸಿದ ಗ್ಯಾಲರಿಯ ಕಂಬಗಳೆಲ್ಲ ನಟ್ಟನಡುವೆಯೇ ಮಡಚಿಕೊಂಡಿದ್ದವು. ಗರಗಸದ ಗುರುತಿಲ್ಲ. ಪ್ರತಿ ಕಂಬದ ನಡುವೆ ಒಂದು ಬೆಸುಗೆ. ಬೆಸುಗೆ ಬಿಟ್ಟಿರಲಿಲ್ಲ, ಅದರ ಪಕ್ಕದ ಲೋಹ ಮಡಚಿತ್ತು.

"ನೋಡಿ, ವೆಲ್ಡಿಂಗ್ ಕೂದಲಷ್ಟೂ ಬಿಟ್ಟಿಲ್ಲ!" ಗುತ್ತಿಗೆದಾರ ಎದೆಯುಬ್ಬಿಸಿದ.

"ಹಾಗಾದ್ರೆ ಬಿದ್ದಿದ್ದು ಯಾಕೆ?"

"ಅದನ್ನ ಕಂಡುಹಿಡೀರಿ ಅಂತಾನೇ ನಿಮ್ಮನ್ನ ಕರೆದಿದ್ದು."

ತೂಕದ ಪರೀಕ್ಷೆಗೆಂದು ಇಟ್ಟಿದ್ದ ನೀರಿನ ಡ್ರಮ್ಮುಗಳು ಅಲ್ಲಲ್ಲಿ ಬಿದ್ದಿದ್ದವು. ನೆಟ್ಟಗೆ ಉಳಿದಿದ್ದ ಒಂದರೊಳಗೆ ಟೇಪಣ್ಣ ಇಣುಕಿದ. "ಬಾಯಿ ತನಕ ಇದೆ ಮೇಡಂ." ಎದುರಿನ ಗ್ಯಾಲರಿಯ ಡ್ರಮ್ಮುಗಳಲ್ಲಿ ಅರ್ಧ ನೀರಷ್ಟೇ ಇತ್ತು.

ಇನ್ಸ್‌ಪೆಕ್ಟರ್ ನೋಡುತ್ತಿದ್ದುದು ಬೇರೆಯದನ್ನು. ಗ್ಯಾಲರಿಯ ಸುತ್ತ ಕೆಂಪು ಹಗ್ಗ ಕಟ್ಟಿತ್ತು, ಬಿದ್ದ ಕಂಬವೊಂದು ಆ ಹಗ್ಗದ ಮೇಲೆಯೇ ಒರಗಿತ್ತು. ಅಂದರೆ ಹಗ್ಗ ಕಟ್ಟಿದ್ದು ಬೀಳುವ ಮೊದಲು. ಕೆಡವಲು ಬಂದವರು ಮೊದಲು ಜನರನ್ನು ದೂರ ಇಡುತ್ತಾರೆಯೇ?

ಕಾವಲುಗಾರನನ್ನು ಕರೆಸಿದಳು.

"ಹಗ್ಗ ಕಟ್ಟಿದ್ದು ಯಾರು?"

ಅವನು ನೆಲ ನೋಡಿದ. "ಅಕ್ಕಾವ್ರು. ಯಾರನ್ನೂ ಬಿಡಬೇಡಿ, ನೀವೂ ಹೊರಗಿರಿ ಅಂದ್ರು. ನೀರಿನ ಪೈಪು ಹಿಡಿದಿದ್ದೂ ಅವರೇ."

"ಯಾವ ಅಕ್ಕ?"

"ಸಾಹೇಬ್ರ ತಂಗಿ. ಇಲ್ಲೇ ಇಂಜಿನಿಯರು."

ಗುತ್ತಿಗೆದಾರ ಶೆಡ್ಡಿನ ಕಡೆ ತಿರುಗಿ ನೋಡಿದ.

ತಂಗಿ ಶೆಡ್ಡಿನ ಆಫೀಸಿನಲ್ಲಿ ಕಾಯುತ್ತಿದ್ದಳು. ಪಕ್ಕದ ಚೀಲದಲ್ಲಿ ಬದಲಿ ಬಟ್ಟೆ ಸಿದ್ಧವಿತ್ತು.

"ಕೆಡವಿದ್ದು ನೀವಾ?"

"ನೀರು ತುಂಬಿಸಿದ್ದು ನಾನು. ಪರೀಕ್ಷೆಗೆ ಎಷ್ಟು ಬೇಕೋ ಅಷ್ಟೇ, ಒಂದು ಚೊಂಬೂ ಜಾಸ್ತಿ ಇಲ್ಲ. ಬಿದ್ದಿದ್ದು ಅದು."

"ಬೀಳತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಅದಕ್ಕೇ ಹಗ್ಗ." ಅವಳು ಅಣ್ಣನ ಕಡೆ ಬೆರಳು ಮಾಡಿದಳು. "ಉದ್ದದ ಕಂಬ ಬರೋದು ತಡ ಅಂತ ಇವನು ಎರಡೆರಡು ಗಿಡ್ಡ ಕಂಬಗಳನ್ನ ಸೇರಿಸಿ ನಡುವೆ ವೆಲ್ಡ್ ಮಾಡಿಸಿದ. ಹೊಲಿಗೆ ಗಟ್ಟಿಯಿದೆ, ಪಕ್ಕದ ಬಟ್ಟೆ ಜಾಳಾಗಿದೆ. ವೆಲ್ಡಿಂಗ್ ಬಿಸಿಗೆ ಅಕ್ಕಪಕ್ಕದ ಅಲ್ಯೂಮಿನಿಯಂ ಹತ್ತಿರ ಹತ್ತಿರ ಅರ್ಧ ಬಲ ಕಳ್ಕೊಳ್ಳತ್ತೆ. ತುದೀಲಿದ್ರೆ ಅಷ್ಟು ಭಯ ಇಲ್ಲ. ಆದ್ರೆ ಕಂಬ ಬಾಗೋದು ನಡುವೇನೇ. ಅಲ್ಲಿ ವೆಲ್ಡಿಂಗ್ ಇದ್ರೆ ಇಡೀ ಕಂಬಾನೇ ಮೆತ್ತಗಿನ ಲೋಹದ್ದು ಅಂತ ಲೆಕ್ಕ ಹಾಕಬೇಕು. ನಿಯಮ ಇರೋದೇ ಹಾಗೆ."

"ಪುಸ್ತಕದ ಬದನೆಕಾಯಿ!" ಅಣ್ಣ ಸಿಡುಕಿದ. "ನನ್ನ ಪರೀಕ್ಷೇಲಿ ಅರ್ಧ ಡ್ರಮ್ಮಿಗೆ ನಿಂತಿತ್ತು ತಾನೆ?"

"ಮಕ್ಕಳು ಅರ್ಧರ್ಧ ಬಂದು ಕೂರ್ತಾರಾ ಅಣ್ಣ?"

ಅವನು ಇನ್ಸ್‌ಪೆಕ್ಟರ್ ಕಡೆ ತಿರುಗಿದ. ದನಿ ಇಳಿದಿತ್ತು. "ಮೇಡಂ, ದೂರು ವಾಪಸ್ ತಗೋತೀನಿ. ಇದು ಮನೆ ವಿಷಯ."

"ಬಿಡಬೇಡಿ!" ತಂಗಿ ಎದ್ದು ನಿಂತಳು. "ಬಿಟ್ರೆ ನಾಳೆ ಈ ಕಂಬಗಳು ಗುಜರಿಗೆ, ಭಾನುವಾರ ಮಕ್ಕಳು ಎದುರಿನ ಗ್ಯಾಲರಿಗೆ. ನಾನೇ ತಪ್ಪಿತಸ್ಥೆ ಅಂತ ಬರೀರಿ, ಸಹಿ ಹಾಕ್ತೀನಿ. ಕಂಬ ಎಲ್ಲಿ ಮಡಚ್ತು ಅನ್ನೋದನ್ನೂ ಬರೀರಿ."

ತನ್ನನ್ನೇ ಬಂಧಿಸಿ ಎಂದು ಹಟ ಹಿಡಿದವರನ್ನು ಇನ್ಸ್‌ಪೆಕ್ಟರ್ ಕಂಡಿರಲಿಲ್ಲ. ಪೊಲೀಸರನ್ನೇ ಕೆಲಸಕ್ಕೆ ಹಚ್ಚಿದಳಲ್ಲ ಎಂದು ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಮೆಚ್ಚುಗೆ.

"ಎಫ್‌ಐಆರ್ ಆಗಿದೆ. ಇನ್ನು ನಿಮ್ಮಿಷ್ಟಕ್ಕೆ ವಾಪಸ್ ಹೋಗಲ್ಲ," ಎಂದಳು ಗುತ್ತಿಗೆದಾರನಿಗೆ. "ಟೇಪಣ್ಣ, ಸಾಕ್ಷಿಗೆ ಪಂಚರನ್ನ ಕರೆಸಿ. ಪಂಚನಾಮೆ ಎರಡೂ ಗ್ಯಾಲರಿಗೆ. ಎದುರಿನದನ್ನೂ ಸೀಲ್ ಮಾಡಿ."

"ಅದು ಬಿದ್ದಿಲ್ವಲ್ಲ!"

"ಅದೇ ಕಂಬ, ಅದೇ ವೆಲ್ಡಿಂಗ್. ತಜ್ಞರಿಗೆ ಹೋಲಿಸಿ ನೋಡೋಕೆ ಬೇಕು. ಅಲ್ಲಿವರೆಗೆ ಒಂದು ಕಾಗೇನೂ ಅದರ ಮೇಲೆ ಕೂರೋ ಹಾಗಿಲ್ಲ."

ಸಂಜೆ ಆರೂವರೆಗೆ ತಂಗಿಯ ಬಂಧನ ದಾಖಲಾಯಿತು. ಜೀಪಿನಲ್ಲಿ ಇನ್ಸ್‌ಪೆಕ್ಟರ್ ಕೇಳಿದಳು, "ಗುತ್ತಿಗೆ ಕೊಟ್ಟ ಮೇಲಿನವರಿಗೆ ಹೇಳಬಹುದಿತ್ತಲ್ಲ?"

"ಹೇಳಿದೆ. ಅಣ್ಣ ತಂಗಿ ಜಗಳ, ಮನೇಲಿ ಬಗೆಹರಿಸ್ಕೊಳ್ಳಿ ಅಂದ್ರು." ಅವಳು ಬಟ್ಟೆಯ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ನಿನ್ನೆ ಅವನ ಮಗಳು ಕೇಳಿದ್ಲು, ಅತ್ತೆ, ನನ್ನ ಗೆಳತೀರು ಎಲ್ಲಿ ಕೂತ್ರೆ ಚೆನ್ನಾಗಿ ಕಾಣತ್ತೆ ಅಂತ. ಬಾಯಿ ಬರಲಿಲ್ಲ ನಂಗೆ."

"ಈಗ ಏನಂತೀರಿ?"

"ನೆಲದ ಮೇಲೆ ಅಂತೀನಿ."

ಇನ್ಸ್‌ಪೆಕ್ಟರ್ ತನ್ನ ಫೋನನ್ನು ಅವಳ ಕೈಗೆ ಕೊಟ್ಟಳು. "ಹಾಗಾದ್ರೆ ಆ ಹುಡುಗಿಗೆ ಈಗಲೇ ಹೇಳಿಬಿಡಿ."