ಕೊನೆಯ ಕುದುರೆಗೆ ಚಪ್ಪಾಳೆ

ಗೆದ್ದ ಕುದುರೆ ಗೆರೆ ದಾಟಿ, ಜನರ ಕೂಗಾಟ ತಣ್ಣಗಾದ ಮೇಲೆ, ಎಲ್ಲಕ್ಕಿಂತ ಹಿಂದೆ ಬೂದು ಕುದುರೆಯೊಂದು ಓಡಿ ಬಂತು. ನೀಲಿಮಾ ಎದ್ದು ನಿಂತು ಚಪ್ಪಾಳೆ ತಟ್ಟಿದಳು.

ಅವಳ ಹಿಂದೆ ಇನ್ಯಾರೋ ತಟ್ಟಿದರು!

ಅವಳ ಕೈ ಅಲ್ಲೇ ನಿಂತಿತು. ಪುಣೆಯ ಇಡೀ ರೇಸ್ ಕೋರ್ಸಿನಲ್ಲಿ ಸೋತ ಕುದುರೆಗೆ ಚಪ್ಪಾಳೆ ತಟ್ಟುವ ಹುಚ್ಚು ಇದ್ದದ್ದು ಇಬ್ಬರಿಗೆ ಮಾತ್ರ. ಒಬ್ಬಳು ತಾನು. ಇನ್ನೊಬ್ಬ...

ತಿರುಗಿದಳು. ಪ್ರಣವ!

ಕಿವಿಯ ಬಳಿ ಕೂದಲು ನರೆತಿತ್ತು. ನಗು ಮಾತ್ರ ಹಾಗೇ ಇತ್ತು, ಹಾಳಾದ್ದು!

"ಆರಾಮ ಇದ್ದೀರಿ?" 'ನೀ' ಎಂದು ಕರೆಯುತ್ತಿದ್ದವನನ್ನು ಬೇಕೆಂದೇ ದೂರ ನಿಲ್ಲಿಸಿದಳು.

"ಆರಾಮ. ಒಬ್ಬಾಕೀನಽ ಬಂದೀ?"

"ಹೌದ್ರಿ. ಬೆಳಗಾವಿಯಿಂದ ಕೆಂಪು ಬಸ್ಸಿಗೆ ಬಂದೆ. ಸ್ಟೇಷನ್ ಹತ್ರ ಡಾರ್ಮಿಟರಿಯೊಳಗ ಒಂದ್ ಮಂಚ ಸಿಕ್ಕದ. ಡಬ್ಬಿ ಮನಿಯಿಂದಽ ತಂದೇನಿ. ಡರ್ಬಿ ನೋಡೂದು, ಹೋಗೂದು."

ಡರ್ಬಿ ನೋಡುವುದಂತೆ! ಕುದುರೆಯನ್ನಷ್ಟೇ ನೋಡಬೇಕಿದ್ದರೆ ಮನೆಯ ಟಿ.ವಿ. ಸಾಕಿತ್ತಲ್ಲ, ನೀಲಿಮಾ?

ಕಾಲೇಜಿನ ದಿನಗಳಲ್ಲಿ ಪ್ರತಿ ವರ್ಷ, ಎಲ್ಲಕ್ಕಿಂತ ದೊಡ್ಡ ರೇಸಾದ ಡರ್ಬಿಯ ಭಾನುವಾರ ಇಬ್ಬರೂ ಸಿಟಿ ಬಸ್ಸು ಹಿಡಿದು ಇಲ್ಲಿಗೆ ಬರುತ್ತಿದ್ದರು. ಹಿಂದಿನ ಸಣ್ಣ ಗೇಟು, ಎಲ್ಲಕ್ಕಿಂತ ಅಗ್ಗದ ಟಿಕೆಟ್ಟು, ಟ್ರ್ಯಾಕಿನ ಅಂಚಿನ ಕಟಕಟೆಗೆ ಒರಗಿ ತಿನ್ನುವ ಚಪಾತಿ, ಶೇಂಗಾ ಚಟ್ನಿ. ಬಾಜಿ ಕಟ್ಟುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಹಾಗಾಗಿ ಯಾರಿಗೂ ಬೇಡವಾದ ಕೊನೆಯ ಕುದುರೆಯೇ ಅವರದು!

ಆಚೆಯ ದೊಡ್ಡ ಸ್ಟ್ಯಾಂಡಿನಲ್ಲಿ ಟೋಪಿ ತೊಟ್ಟು ಕೂತ ಹೆಂಗಸರನ್ನು ತೋರಿಸಿ ಪ್ರಣವ, "ಒಂದಿನ ನಿನ್ನೂ ಅಲ್ಲಿ ಕೂಡಸ್ತೇನಿ" ಅನ್ನುತ್ತಿದ್ದ. ಅವಳು ನಕ್ಕು ಚಪಾತಿ ಮುರಿಯುತ್ತಿದ್ದಳು. ಎಂಥ ದಿನಗಳವು...

ಆಮೇಲೆ ಅವಳಿಗೆ ಹುಟ್ಟೂರು ಬೆಳಗಾವಿಯಿಂದ ಮದುವೆಯ ಸಂಬಂಧ ಬಂತು.

"ಡರ್ಬಿಗೆ ಬಂದು ನನ್ನ ಲಗ್ನಾ ಆಗ್ಲಿಕ್ಕೆ ಹೂಂ ಅನ್ನು. ಬರಲಿಲ್ಲಂದ್ರ ಮತ್ತ ಕೇಳಂಗಿಲ್ಲ" ಎಂದು ಪ್ರಣವನಿಗೆ ಹೇಳಿದ್ದಳು. ಕೊನೆಯ ರೇಸಿನವರೆಗೂ ಕಟಕಟೆಯ ಬಳಿ ಕಾದಳು. ಅವನು ಬರಲೇ ಇಲ್ಲ.

"ಅವತ್ತು ಯಾಕ ಬರಲಿಲ್ಲ? ಈಗರ ಹೇಳ್ರಿ..." ಅವಳು ಕೇಳಿಯೇಬಿಟ್ಟಳು.

ಪ್ರಣವ ಬೆಚ್ಚಿದ. "ನೀನಽ ಬರಲಿಲ್ಲಲಾ! ಮೊದಲನೇ ಪಗಾರದಾಗ ದೊಡ್ಡ ಸ್ಟ್ಯಾಂಡಿನ ಎರಡು ಟಿಕೆಟ್ ತಗೊಂಡು ದೊಡ್ಡ ಗೇಟಿನ ಮುಂದ ನಿಂತಿದ್ದೆ. ಬಸ್ ಇಳಿದವರೆಲ್ಲಾ ಅಲ್ಲೇ ಹಾದು ಹೋಗ್ತಾರ, ನಿನ್ನ ಅಲ್ಲೇ ಹಿಡೀಬೇಕು ಅಂತ..."

ನೀಲಿಮಾ ಹಣೆ ಚಚ್ಚಿಕೊಂಡಳು.

"ನಾ ಬಸ್ಸಿಗೆ ಬರಲಿಲ್ಲೋ! ನಿನಗ ಬಿಸಿ ಬಿಸ್ಕೀಟ್ ತರೂಣು ಅಂತ ಕ್ಯಾಂಪ್ ಪ್ಯಾಟಿಯೊಳಗಿನ ಬೇಕರಿಗೆ ಹೋಗಿ, ನಡಕೋತ ಹಿಂದಿನ ಗೇಟಿಗೆ ಬಂದೆ..."

'ನೀವು' ಎಲ್ಲಿ ಬಿದ್ದುಹೋಯಿತೋ, ಅವಳಿಗೇ ತಿಳಿಯಲಿಲ್ಲ.

"ನಾ ಫೋನ್ ಮಾಡಿದ್ನಲ್ಲ?"

"ಮೊಬೈಲ್ ಗೇಟಿನಾಗ ಇಸ್ಕೊಂಡಿದ್ರು. ಸಂಜೀಕ ನೋಡಿ, ಬರಲಾರದಾಂವ ಸಬೂಬು ಹೇಳಾಕ ಮಾಡ್ಯಾನ ಅಂತ ಸಿಟ್ಟಿಗೆ ನಂಬರ್ ಬ್ಲಾಕ್ ಮಾಡಿದೆ."

"ಬೆಳಗಾವಿ ಹುಡುಗನ್ನ ಒಪ್ಪಿದಿ ಅಂತ ನಾ ಸುಮ್ಮನಾದೆ..."

ಒಬ್ಬಳು ಬಿಸ್ಕತ್ತು ಹಿಡಿದು ಒಳಗೆ, ಒಬ್ಬ ಟಿಕೆಟ್ಟು ಹಿಡಿದು ಹೊರಗೆ! ಪ್ರೀತಿ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ ಕೆಟ್ಟ ಕೆಲಸವಿದು.

"ಲಗ್ನಾ...?" ಪ್ರಣವನ ಕಣ್ಣು ಅವಳ ಕೊರಳಿಗೆ ಹೋಯಿತು.

"ನಾ ಒಪ್ಪಲಿಲ್ಲ. ಬೆಳಗಾವಿಗೆ ಹೋಗಿ, ಅಲ್ಲೇ ಸಾಲಿಯೊಳಗ ಕಲಸ್ಕೋತ ಒಬ್ಬಾಕೀನಽ ಉಳದೆ. ನಿಂದು?"

"ಆಗಿದ್ರ ಪ್ರತಿ ಡರ್ಬಿಗೆ ಈ ಕಟಕಟಿಗೆ ಒಬ್ಬನಽ ಬಂದು ಯಾಕ ನಿಂದರ್ತಿದ್ದೆ? ಆ ದೊಡ್ಡ ಗೇಟಿನ ಕಡೆ ತಿರುಗೀನೂ ನೋಡಿಲ್ಲ."

ನೀಲಿಮಾ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ದಿನದ ಕೊನೆಯ ರೇಸು ಮುಗಿಯಿತು. ಕಂದು ಕುದುರೆಯೊಂದು ತುಂತುರು ಮಳೆಯಲ್ಲಿ ಒಂಟಿಯಾಗಿ ಬರುತ್ತಿತ್ತು.

"ಭಾಳ ತಡಾ ಆತು, ಪ್ರಣವ..."

"ಆಗ್ಲಿ. ಬಂತಲ್ಲ!" ಅವನು ಅವಳ ಎರಡೂ ಕೈ ಹಿಡಿದುಕೊಂಡ. "ನೀಲೂ, ಅವತ್ತು ಗೇಟಿನಾಗ ನಿಂತು ಹೇಳಬೇಕಾದದ್ದು ಈಗ ಹೇಳ್ತೇನಿ. ಹೂಂ."

ಅವಳು ಅಳುತ್ತಲೇ ನಕ್ಕಳು. "ಕೈ ಬಿಡು. ಪಾಪ, ಆ ಕುದುರಿಗೆ ಯಾರು ಚಪ್ಪಾಳಿ ಹೊಡೀಬೇಕು?"

"ಮುಂದಿನ ವರ್ಷ ಬಂದು ಹೊಡಿಯೂಣಂತ."

"ಎಲ್ಲಿ ಕಾಯ್ತಿ?"

"ಕಾಯೂದಽ ಬ್ಯಾಡ. ಒಂದಽ ಮನಿಯಿಂದ, ಒಂದಽ ಬಸ್ಸಿಗೆ ಬರೂಣು!"